ಲಾರಿ ಅಪಘಾತದ ನಂತರ ಅಧಿಕಾರಿ ವಾರಂಟ್ ಇಲ್ಲದೆ ಶೆಡ್ಡಿಗೆ ಬಂದರೆ

'ವಾರಂಟ್ ತನ್ನಿ' ಎಂದು ಗೇಟು ಹಾಕಿಕೊಳ್ಳುವುದು ಬಹುತೇಕ ತಪ್ಪು. ಬಂದವರು ಕೇಳಿದ್ದನ್ನೆಲ್ಲ ತೆಗೆದುಕೊಟ್ಟು ಸುಮ್ಮನಾಗುವುದೂ ತಪ್ಪೇ. ಯಾವ ಕಾನೂನಿನ ಯಾವ ಕಲಂ ಅಡಿ ಬಂದಿದ್ದೀರಿ ಎಂದು ಮೊದಲು ಕೇಳಿ, ಹೆಸರು, ಹುದ್ದೆ, ಬಂದ ಹೊತ್ತು ಬರೆದಿಟ್ಟುಕೊಳ್ಳಿ.

ಲಾರಿ ನೋಡಲು ಬರುವವರು ಸಾಮಾನ್ಯವಾಗಿ ಮೋಟಾರು ವಾಹನ ನಿರೀಕ್ಷಕರು, ಅಂದರೆ ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. 1988ರ ಮೋಟಾರು ವಾಹನ ಕಾಯ್ದೆಯ ಕಲಂ 136ರ ಪ್ರಕಾರ, ರಾಜ್ಯ ಸರ್ಕಾರ ಅಧಿಕಾರ ಕೊಟ್ಟವರು ಅಪಘಾತದ ವಾಹನ ಇರುವ ಜಾಗಕ್ಕೆ ಸಮಂಜಸ ವೇಳೆಯಲ್ಲಿ ಬಂದು ತಪಾಸಣೆ ಮಾಡಬಹುದು, ಬೇಕಾದರೆ ವಾಹನವನ್ನು ಬೇರೆಡೆಗೆ ಒಯ್ಯಬಹುದು. ನೀವು ಕೇಳಿದರೆ ಅಧಿಕಾರಪತ್ರ ತೋರಿಸಬೇಕು. ಎಲ್ಲಿಗೆ ಒಯ್ದರೆಂದು ಮಾಲೀಕರಿಗೆ ತಿಳಿಸಬೇಕು, ವಿಧಿಗಳನ್ನು ಮುಗಿಸಿ 24 ಗಂಟೆಯೊಳಗೆ ವಾಹನ ಮರಳಿಸಬೇಕು. ಆದರೆ ಲಾರಿಯನ್ನು ಪೊಲೀಸರು ಜಪ್ತಿ ಮಾಡಿದ್ದರೆ ಈ 24 ಗಂಟೆಯ ಲೆಕ್ಕ ಹಿಡಿದು ಠಾಣೆಯಲ್ಲಿ ವಾದಿಸಿ ಫಲವಿಲ್ಲ. ಬಿಡುಗಡೆಗೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ಇನ್ನೊಂದು ಮಾತು: ಕಲಂ 136 ವಾಹನಕ್ಕಷ್ಟೇ ಸೀಮಿತ. ಅದರ ಹೆಸರಲ್ಲಿ ಆಫೀಸಿನ ಬೀರು ತೆರೆಸುವಂತಿಲ್ಲ.

ತಪಾಸಣೆ ಮುಗಿಯುವ ತನಕ ಲಾರಿಗೆ ಸ್ಪ್ಯಾನರ್ ತಾಗಿಸಬೇಡಿ. ಹೆಚ್ಚು ಎಡವಟ್ಟಾಗುವುದು ಇಲ್ಲೇ. ಗಾಳಿ ಸೋರಿ ಹಿಂಚಕ್ರಗಳ ಸ್ಪ್ರಿಂಗ್ ಬ್ರೇಕ್ (ಗಾಳಿಯ ಒತ್ತಡ ಇಳಿದರೆ ತಾನಾಗಿಯೇ ಬಿಗಿಯುವ ಬ್ರೇಕ್) ಹಿಡಿದುಕೊಂಡಿರುತ್ತದೆ. ಎಳೆದು ತರಲೆಂದು ಮೆಕ್ಯಾನಿಕ್ ಬ್ರೇಕ್ ಚೇಂಬರಿನ ಬೋಲ್ಟ್ ತಿರುಗಿಸಿ ಅದನ್ನು ಬಿಡಿಸಿರುತ್ತಾನೆ, ಜೊತೆಗೆ ಬ್ರೇಕಿನ ಸಡಿಲ-ಬಿಗಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರನ್ನೂ ತಿರುಗಿಸಿರುತ್ತಾನೆ. ಆಮೇಲೆ ಅಪಘಾತದ ಹೊತ್ತಿನಲ್ಲಿ ಬ್ರೇಕ್ ಹೇಗಿತ್ತು ಎಂದು ಹೇಳುವುದೇ ಕಷ್ಟ. ಬಿಡಿಸಲೇಬೇಕಾಗಿ ಬಂದಿದ್ದರೆ ಯಾವ ಚಕ್ರದ್ದು, ಯಾರು, ಎಷ್ಟು ಹೊತ್ತಿಗೆ ಎಂದು ಬರೆದು, ಮುಂಚಿನ ಫೋಟೋ ಸಹಿತ ನಿರೀಕ್ಷಕರಿಗೆ ಕೊಡಿ. ಬೇಕೆಂದೇ ಸಾಕ್ಷ್ಯ ಅಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 238ರಡಿ ಬೇರೆಯದೇ ಕೇಸು.

ರಿಜಿಸ್ಟರು, ದಾಖಲೆ ಹುಡುಕಲು ಸಾರಿಗೆ ಇಲಾಖೆಯವರು ಬಂದರೆ ಕೇಳಬೇಕಾದ್ದು ಮೋಟಾರು ವಾಹನ ಕಾಯ್ದೆಯ ಕಲಂ 213. ಕಾಯ್ದೆಯಡಿ ಅಪರಾಧ ಮಾಡಿದ್ದಾರೆಂದು ನಂಬಲು ಕಾರಣವಿರುವವರ ಜಾಗವನ್ನು, ಅಥವಾ ಅಂಥ ವಾಹನ ಇಟ್ಟಿರುವ ಜಾಗವನ್ನು ಶೋಧಿಸಬಹುದು. ವಾರಂಟ್ ಇಲ್ಲದ ಶೋಧಕ್ಕೆ ಗೆಜೆಟೆಡ್ ಅಧಿಕಾರಿಯೇ ಬೇಕು. ವಾರಂಟ್ ಏಕೆ ಪಡೆಯಲಿಲ್ಲ ಎಂದು ಅವರು ಬರೆದಿಡಬೇಕು, ಮೇಲಧಿಕಾರಿಗೆ ವರದಿ ಮಾಡಬೇಕು. ಬರೀ ದಂಡ ಬೀಳುವ ಅಪರಾಧವಾದರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಶೋಧಿಸುವಂತಿಲ್ಲ.

ಪೊಲೀಸರದ್ದು ಬೇರೆ ದಾರಿ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 185. ತನಿಖೆಗೆ ಬೇಕಾದ ವಸ್ತು ಅಲ್ಲಿದೆ, ವಾರಂಟಿಗೆ ಕಾದರೆ ಅನಗತ್ಯ ತಡವಾಗುತ್ತದೆ ಎಂಬುದಕ್ಕೆ ಕಾರಣ ಬರೆದು, ಸಾಧ್ಯವಾದಷ್ಟೂ ಏನು ಹುಡುಕುತ್ತಿದ್ದೇವೆ ಎಂಬುದನ್ನೂ ನಮೂದಿಸಿ ಬರಬೇಕು. ಟ್ರಿಪ್ ಶೀಟ್, ಲೋಡಿನ ಬಿಲ್, ಜಿಪಿಎಸ್ ದಾಖಲೆಗಳು ಹೀಗೆ ಹೋಗುತ್ತವೆ. ಶೋಧವನ್ನು ಆಡಿಯೊ-ವಿಡಿಯೊದಲ್ಲಿ ದಾಖಲಿಸಬೇಕು. ಕಲಂ 103ರ ಪ್ರಕಾರ ಇಬ್ಬರಾದರೂ ಸ್ವತಂತ್ರ ಪಂಚರಿರಬೇಕು, ನೀವು ಅಥವಾ ನಿಮ್ಮ ಪರವಾಗಿ ಒಬ್ಬರು ಸ್ಥಳದಲ್ಲಿರಬಹುದು, ಸಹಿ ಹಾಕಿದ ಜಪ್ತಿ ಪಟ್ಟಿಯ ಪ್ರತಿ ನಿಮಗೆ ಸಿಗಬೇಕು. ಅದರಲ್ಲಿ 'ಕಡತಗಳು' ಎಂದಷ್ಟೇ ಬರೆದಿದ್ದರೆ ಪುಟಸಂಖ್ಯೆ, ಸಾಧನದ ಕ್ರಮಸಂಖ್ಯೆ ಸೇರಿಸಿ ಬರೆಸಿ.

ಅಧಿಕಾರಪತ್ರ ತೋರಿಸಲಿಲ್ಲ, ಪಂಚರಿಲ್ಲ ಎಂದು ಗೇಟಿನಲ್ಲಿ ಕೈ ಅಡ್ಡ ಹಾಕಬೇಡಿ. ಕರ್ತವ್ಯಕ್ಕೆ ಅಡ್ಡಿ ಎಂದು ನಿಮ್ಮ ಮೇಲೇ ಕೇಸಾಗಬಹುದು. ಆಕ್ಷೇಪವನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪೊಲೀಸರು ಬರೆದ ಕಾರಣದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಅರ್ಜಿ ಹಾಕಿದರೆ ಅದರ ನಕಲು ನಿಮಗೆ ನ್ಯಾಯಾಲಯದಿಂದ ಉಚಿತವಾಗಿ ಸಿಗುತ್ತದೆ. ವಕೀಲರನ್ನು ನೋಡಲು ಹೋಗುವಾಗ ಜಪ್ತಿ ಪಟ್ಟಿಯ ಜೊತೆ ಅದನ್ನೂ ಒಯ್ಯಿರಿ.