ತಪ್ಪು ಟ್ರಿನಿಡಾಡ್‌ನಲ್ಲಿ ಅಂಟಿಸಿದ ಸ್ಟಾಂಪು

ಐದಾರು ವರ್ಷ ಈ ಸ್ಟಾಂಪು ನನ್ನ ಆಲ್ಬಮ್ಮಿನ ವೆಸ್ಟ್ ಇಂಡೀಸ್ ಪುಟದಲ್ಲಿ ಕೂತಿತ್ತು. ‘ಟ್ರಿನಿಡಾಡ್’ ಅಂತ ಓದಿದೆ, ಲಾರಾನ ಊರು ತಾನೇ ಅಂದುಕೊಂಡು ಹಿಂಜ್, ಅಂದರೆ ಸ್ಟಾಂಪಿನ ಬೆನ್ನಿಗೆ ಹಚ್ಚುವ ಗೋಂದಿನ ಚಿಕ್ಕ ಕಾಗದ, ಹಚ್ಚಿ ಅಂಟಿಸಿಬಿಟ್ಟೆ. ಹಳೇ ಸ್ಟಾಂಪುಗಳ ಗುಡ್ಡೆಯಲ್ಲಿ ಬಂದದ್ದು, ಜಾಸ್ತಿ ನೋಡಲೇ ಇಲ್ಲ.

ಒಂದು ಭಾನುವಾರ ಪುಟ ಸರಿಮಾಡುವಾಗ ಸುಮ್ನೆ ಭೂತಗನ್ನಡಿ ಹಿಡಿದೆ. ಬೆಲೆ ಸೆಂಟೀಮ್‌ನಲ್ಲಿತ್ತು! ಪಕ್ಕದ ವಿಕ್ಟೋರಿಯಾ ರಾಣಿಯ ಸ್ಟಾಂಪುಗಳೆಲ್ಲ ಪೆನ್ನಿಯವು. ಬ್ರಿಟಿಷರ ವಸಾಹತಿನಲ್ಲಿ ಫ್ರೆಂಚ್ ಚಿಲ್ಲರೆಗೇನು ಕೆಲಸ? ಮೇಲಿನ ಅಕ್ಷರಗಳೂ ಫ್ರೆಂಚ್: ‘ಪ್ರಾನ್ಸಿಪೋತೆ’, ಅಂದರೆ ರಾಜಕುಮಾರನ ಸಂಸ್ಥಾನ.

ಇದು ಬೇರೆಯೇ ಟ್ರಿನಿಡಾಡ್. ಬ್ರೆಜಿಲ್ ಕರಾವಳಿಯಿಂದ ಸಾವಿರ ಕಿಲೋಮೀಟರಿಗೂ ದೂರ, ದಕ್ಷಿಣ ಅಟ್ಲಾಂಟಿಕ್‌ನಲ್ಲಿರುವ ಕಲ್ಲುಗುಡ್ಡದ ದ್ವೀಪ. ಇವತ್ತು ಅದರ ಹೆಸರು ಟ್ರಿಂಡಾಡೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದ ಜೇಮ್ಸ್ ಹಾರ್ಡನ್-ಹಿಕಿ ಅನ್ನುವವನು ಹಡಗಿನಲ್ಲಿ ಹೋಗುವಾಗ ಇದನ್ನು ನೋಡಿದ. ಯಾರೂ ಇಲ್ಲ, ಹಾಗಾದರೆ ನನ್ನದೇ ಅಂತ 1893ರಲ್ಲಿ ‘ಒಂದನೇ ಜೇಮ್ಸ್’ ಆಗಿಬಿಟ್ಟ. ಕಿರೀಟ ಮಾಡಿಸಿದ, ನ್ಯೂಯಾರ್ಕಿನಲ್ಲಿ ಕಚೇರಿ ತೆರೆದ, ಒಬ್ಬ ವಿದೇಶಾಂಗ ಮಂತ್ರಿಯನ್ನೂ ಇಟ್ಟುಕೊಂಡ. ಜೊತೆಗೆ ಸ್ಟಾಂಪು. ಪ್ರಜೆಗಳಿಲ್ಲದ ಊರಿಗೆ ಅಂಚೆ! ಅಲ್ಲಿದ್ದದ್ದು ಕಡಲಹಕ್ಕಿ, ಆಮೆ. ನನಗಂತೂ ಆ ಮನುಷ್ಯ ಮೋಸಗಾರ ಅನಿಸುವುದಿಲ್ಲ. ಕಾಗದದ ಮೇಲಿದ್ದರೆ ದೇಶ ಇದ್ದಂತೆಯೇ ಅಂತ ನಿಜವಾಗಿ ನಂಬಿದ್ದ, ಅಲ್ವಾ?

1895ರಲ್ಲಿ ಟೆಲಿಗ್ರಾಫ್ ಕೇಬಲ್‌ಗಾಗಿ ಬ್ರಿಟನ್ ದ್ವೀಪವನ್ನು ಹಿಡಿದುಕೊಂಡಿತು. ಬ್ರೆಜಿಲ್ ತಗಾದೆ ತೆಗೆಯಿತು, ಮರುವರ್ಷ ಬ್ರಿಟನ್ ಬಿಟ್ಟುಕೊಟ್ಟಿತು. ರಾಜನನ್ನು ಯಾರೂ ಕೇಳಲಿಲ್ಲ. 1898ರಲ್ಲಿ ಆತ ತೀರಿಕೊಂಡ.

ಸ್ಟಾಂಪಿನಂತೆಯೇ ಕಂಡರೂ ಯಾವ ಅಧಿಕೃತ ಅಂಚೆಯೂ ಹೊರಡಿಸದ ಇಂಥವನ್ನು ಸಂಗ್ರಾಹಕರು ‘ಸಿಂಡ್ರೆಲಾ’ ಅನ್ನುತ್ತಾರೆ. ಸಿಂಡ್ರೆಲಾಗಳಿಗೆ ಈಗ ಬೇರೆ ಹಾಳೆ ಮಾಡಿದ್ದೇನೆ: ಮೇಲೆ ಕೈಯಲ್ಲಿ ಬರೆದ ದ್ವೀಪದ ನಕ್ಷೆ, ಕೆಳಗೆ ಸ್ಟಾಂಪು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ನಾಲ್ಕು ಸಾಲು. ಹಿಂಜ್ ಬೇಡ, ಸ್ಟಾಂಪನ್ನು ಒಳಗಿಡುವ ಪ್ಲಾಸ್ಟಿಕ್ ಮೌಂಟ್ ಸಾಕು. ‘ದೇಶ’ ಅನ್ನುವ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.

ಹಳೇ ಪುಟದಿಂದ ಕೀಳುವಾಗ ಅವಸರ ಮಾಡಿದೆ. ಹಿಂಜ್‌ಗೆ ಸ್ವಲ್ಪ ತೇವ ತಾಗಿತ್ತು, ಒಣಗುವ ತನಕ ಕಾಯಲಿಲ್ಲ. ಹಿಂಬದಿಯ ಗೋಂದು ಉಗುರಿನಷ್ಟು ಅಗಲ ಕಿತ್ತು ಬಂತು. ನೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ನೆಕ್ಕಿ ಲಕೋಟೆಗೆ ಅಂಟಿಸದೆ ಉಳಿದಿದ್ದ ಗೋಂದು ಅದು.