ರೇಸಿಸಂ ಗುರುತಿಸುವುದು ಹೇಗೆ, ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವುದು ಹೇಗೆ

ರೇಸಿಸಂ (ಬಣ್ಣ, ಮುಖಚಹರೆ, ಜನಾಂಗ ನೋಡಿ ಜನರನ್ನು ಕೀಳಾಗಿ ಕಾಣುವುದು) ಅಂದ ತಕ್ಷಣ ನಮಗೆ ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ನೆನಪಾಗುತ್ತಾರೆ, ಇಲ್ಲವೇ ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯನ್ನು ರೈಲಿನಿಂದ ಇಳಿಸಿದ್ದು. ಎರಡರಲ್ಲೂ ತಪ್ಪು ಬೇರೆಯವರದ್ದು, ನಮಗೆ ಆರಾಮ. ಆದರೆ ಮಕ್ಕಳಿಗೆ ಹೇಳಿಕೊಡಬೇಕು ಅಂತಿದ್ದರೆ ನಮ್ಮ ಬೀದಿಯಿಂದಲೇ ಶುರು ಮಾಡಿ.

ಬಾಯಿಮಾತಿನ ರೇಸಿಸಂ ಗುರುತಿಸುವುದು ಸುಲಭ. ಮಣಿಪುರದ ಹುಡುಗನನ್ನು 'ಚಿಂಕಿ' ಅನ್ನುವುದು, 2020ರಲ್ಲಿ ಈಶಾನ್ಯದವರನ್ನು ನೋಡಿ 'ಕೊರೊನಾ' ಅಂತ ಕೂಗಿದ್ದು. ಕೇಳಿದರೆ 'ಸುಮ್ನೆ ತಮಾಷೆಗೆ' ಅಂತಾರೆ. 2014ರ ಜನವರಿಯಲ್ಲಿ ದಿಲ್ಲಿಯ ಲಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾನ ಕೂದಲು ನೋಡಿ ಗೇಲಿ ಮಾಡಿದ್ದೂ ಹೀಗೇ ಶುರುವಾಗಿತ್ತು. ಜಗಳವಾಯಿತು, ಹೊಡೆದರು, ಹುಡುಗ ಸತ್ತುಹೋದ. ಆಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. ಕಾನೂನು ಬಿಗಿ ಮಾಡಿ ಅಂದದ್ದರ ಜೊತೆಗೆ, ಈಶಾನ್ಯದ ಇತಿಹಾಸವನ್ನು ಶಾಲೆಯಲ್ಲಿ ಕಲಿಸಿ ಅಂತಲೂ ಅದು ಹೇಳಿತು. ನನಗೆ ಮುಖ್ಯ ಅನಿಸಿದ್ದು ಆ ಎರಡನೆಯ ಮಾತು. ಏಳು ರಾಜ್ಯಗಳ ಹೆಸರು, ಸಿಕ್ಕಿಂ ಸೇರಿದರೆ ಎಂಟು, ನಮ್ಮಲ್ಲಿ ಎಷ್ಟು ಜನ ತಡವರಿಸದೆ ಹೇಳುತ್ತಾರೆ?

ಒಬ್ಬ ಮಾಡಿದ್ದನ್ನು ಎಲ್ಲರ ತಲೆಗೆ ಕಟ್ಟುವುದು ಇನ್ನೊಂದು ಬಗೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನ್‌ನವನೊಬ್ಬನ ಕಾರು ಗುದ್ದಿ ಊರಿನ ಹೆಂಗಸೊಬ್ಬರು ತೀರಿಕೊಂಡರು. ಆಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಅವಳಿಗೂ ಆ ಕಾರಿಗೂ ಸಂಬಂಧವೇ ಇರಲಿಲ್ಲ. ಮಗುವಿನ ಮುಂದೆ ಆಫ್ರಿಕಾದ ನಕ್ಷೆ ಬಿಚ್ಚಿ ಎರಡು ದೇಶಗಳನ್ನೂ ಹುಡುಕಲು ಹೇಳಿ. ಗಡಿ ಕೂಡ ಸೇರುವುದಿಲ್ಲ. ಕೊಡಗಿನವನ ಕಾರು ಗುದ್ದಿದರೆ ಬೀದರಿನವನಿಗೆ ಹೊಡೆಯುತ್ತೀವಾ ಅಂತ ಕೇಳಿ. ಅಷ್ಟು ಸಾಕು, ಭಾಷಣ ಬೇಡ.

ಗುರುತಿಸಲು ಕಷ್ಟವಾಗುವುದು ಯಾರೂ ಬೈಯದೆ ನಡೆಯುವಂಥದ್ದು. ಬಾಡಿಗೆ ಮನೆ ಹುಡುಕುವ ನಾಗಾಲ್ಯಾಂಡಿನ ಹುಡುಗಿಗೆ ಫೋನಿನಲ್ಲಿ 'ಮನೆ ಖಾಲಿ ಇದೆ, ಬನ್ನಿ' ಅಂದಿರುತ್ತಾರೆ. ಮುಖ ನೋಡಿದ ಮೇಲೆ 'ಅಯ್ಯೋ, ಈಗಷ್ಟೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದರು'. ಓನರ್ ನಗುನಗುತ್ತಲೇ ಹೇಳುತ್ತಾರೆ, ಬ್ರೋಕರ್ ಕೂಡ ಪಾಪ ಒಳ್ಳೆಯವನೇ, ಆದರೆ ಸಂಜೆಯಾದರೂ ಆ ಹುಡುಗಿಗೆ ಮನೆ ಸಿಕ್ಕಿರುವುದಿಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದಿದ್ದರು. ಅಂಥ ಕಡೆ ಮನೆ ಸಾಲ ಸಿಗುವುದು ಕಷ್ಟ. ಸ್ವಂತ ಮನೆ ಆಗಲಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯೂ ಆಗಲಿಲ್ಲ. ಅದಕ್ಕೇ 'ನಾನು ಯಾರನ್ನೂ ದ್ವೇಷಿಸಲ್ಲ' ಅನ್ನುವ ಮಾತನ್ನು ಅಲ್ಲಿಗೇ ನಂಬಬೇಡಿ. ಕೊನೆಗೆ ಮನೆ ಯಾರಿಗೆ ಸಿಕ್ಕಿತು, ಕೆಲಸ ಯಾರಿಗೆ ಸಿಕ್ಕಿತು ಅಂತ ನೋಡಿ.

ಹೊಗಳಿಕೆಯ ವೇಷದಲ್ಲೂ ಇದು ಬರುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು, ಎಷ್ಟೋ ಜನರನ್ನು ಪೋರ್ಚುಗೀಸರು ಗುಲಾಮರಾಗಿ ತಂದದ್ದು. ಅವರು ನೂರಾರು ವರ್ಷಗಳಿಂದ ಇಲ್ಲೇ ಇದ್ದಾರೆ. ಅವರನ್ನೇ ಹಿಡಿದು 'ಯಾವ ದೇಶ ನಿಮ್ಮದು? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!' ಅನ್ನುತ್ತೇವೆ. ಹೇಳುವವರಿಗೆ ಖುಷಿ, ಕೇಳಿಸಿಕೊಂಡವರಿಗೆ 'ನೀನು ಇಲ್ಲಿಯವನಲ್ಲ' ಅಂದ ಹಾಗೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ತರಬೇತಿಗೆ ಕರೆದುಕೊಂಡು ಹೋಯಿತು. ಆಫ್ರಿಕಾದ ರಕ್ತ, ಓಟ ಹುಟ್ಟಿನಿಂದಲೇ ಬಂದಿರುತ್ತೆ ಅನ್ನುವ ಲೆಕ್ಕ. ಮಕ್ಕಳು ಪದಕ ತಂದರು, ನಿಜ. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ವಾಪಸ್. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003 ಬರಬೇಕಾಯಿತು. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ, ಆ ಸಮುದಾಯದಿಂದ ಮೊದಲು.

ಇನ್ನು ನಮ್ಮೊಳಗೇ ಇಳಿದಿರುವ ಬಣ್ಣದ ಹುಚ್ಚು. ಗರ್ಭಿಣಿಗೆ ಕೇಸರಿ ಹಾಲು, ವಧು ಬೇಕಾಗಿದೆ ಜಾಹೀರಾತಿನಲ್ಲಿ 'ಎಣ್ಣೆಗೆಂಪು', 'ಗೋಧಿ ಬಣ್ಣ'. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಒಳ್ಳೆಯದು ಅಂತ ಕೇಳಿದರೆ ಜಾಸ್ತಿ ಮಕ್ಕಳು ಬಿಳಿಯದನ್ನೇ ತೋರಿಸಿದರು. ನಮ್ಮಲ್ಲಿ ಗೊಂಬೆಯೂ ಬೇಡ, ನಾಮಕರಣಕ್ಕೆ ಬಂದ ಅತ್ತೆಯರ ಮಾತು ಕೇಳಿಸಿಕೊಂಡರೆ ಸಾಕು.

ಹಾಗಾದರೆ ಮಾಡುವುದೇನು? ಅಮೆರಿಕದ ಜೇನ್ ಎಲಿಯಟ್ ಅನ್ನುವ ಟೀಚರ್ 1968ರಲ್ಲಿ ಮೂರನೇ ಕ್ಲಾಸಿನ ಮಕ್ಕಳನ್ನು ಕಣ್ಣಿನ ಬಣ್ಣ ನೋಡಿ ಎರಡು ಗುಂಪು ಮಾಡಿ, ಒಂದು ಗುಂಪನ್ನು ಕೀಳಾಗಿ ನಡೆಸಿಕೊಂಡು ಪಾಠ ಕಲಿಸಿದರು. ಪ್ರಸಿದ್ಧ ಪ್ರಯೋಗ, ಆದರೆ ದಯವಿಟ್ಟು ನೀವು ಮಾಡಬೇಡಿ. ಚಿಕ್ಕ ಮಕ್ಕಳನ್ನು ಅಳಿಸಿ ಕಲಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಬದಲಿಗೆ ಹೆಸರಿನಿಂದ ಶುರು ಮಾಡಿ. ಸೆಕ್ಯೂರಿಟಿ ಅಣ್ಣನನ್ನು 'ಬಹಾದೂರ್' ಅನ್ನಬೇಡಿ, ಅವರ ಹೆಸರು ಕೇಳಿ, ಮಗುವಿನ ಬಾಯಲ್ಲೂ ಅದೇ ಹೆಸರು ಬರಲಿ. ಊಟದ ಹೊತ್ತಿಗೆ ದೊಡ್ಡಪ್ಪ ಬಣ್ಣದ ಜೋಕ್ ಹೊಡೆದರೆ ಜಗಳಕ್ಕೆ ಇಳಿಯಬೇಡಿ, 'ಅರ್ಥ ಆಗಲಿಲ್ಲ ದೊಡ್ಡಪ್ಪ, ಸ್ವಲ್ಪ ಬಿಡಿಸಿ ಹೇಳಿ' ಅನ್ನಿ. ಬಿಡಿಸಿ ಹೇಳಲು ಹೋದರೆ ಇಂಥ ಜೋಕಿಗೆ ಯಾರೂ ನಗುವುದಿಲ್ಲ. ಬಸ್ಸಿನಲ್ಲಿ ಯಾರಿಗಾದರೂ ಕಾಟ ಕೊಡುತ್ತಿದ್ದರೆ ಕಾಟ ಕೊಡುವವನ ಜೊತೆ ಮಾತು ಬೆಳೆಸಬೇಡಿ, ಕಾಟಕ್ಕೆ ಸಿಕ್ಕವರ ಪಕ್ಕ ಹೋಗಿ ನಿಂತು ಅವರ ಜೊತೆ ಮಾತಾಡಿ. ಕೈ ಮೀರಿದರೆ 112ಕ್ಕೆ ಫೋನ್ ಮಾಡಿ. ವಾಟ್ಸ್ಆ್ಯಪ್ ಫಾರ್ವರ್ಡ್ ಬಂದರೆ 2012ರ ಆಗಸ್ಟ್ ನೆನಪಿಸಿಕೊಳ್ಳಿ. ತಮ್ಮ ಮೇಲೆ ದಾಳಿ ಆಗುತ್ತೆ ಅನ್ನುವ ಗಾಳಿಸುದ್ದಿಗೆ ಹೆದರಿ ಸಾವಿರಾರು ಈಶಾನ್ಯದವರು ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದ್ದರು.

ದೊಡ್ಡ ಮಕ್ಕಳಿದ್ದರೆ ಸಂವಿಧಾನದ 15ನೇ ವಿಧಿ ಓದಿಸಿ. ಅಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ಎಲ್ಲ ಒಂದೇ ಸಾಲಿನಲ್ಲಿವೆ. ಜಾತಿಯ ಮಾತು ಎತ್ತದೆ ಬರೀ ರೇಸಿಸಂ ಕಲಿಸಲು ನಮ್ಮಲ್ಲಿ ಆಗುವುದಿಲ್ಲ. ಎತ್ತಿದರೆ ಮನೆಯಲ್ಲಿ ಮುಖ ಊದಿಸಿಕೊಳ್ಳುವವರು ಇದ್ದೇ ಇರುತ್ತಾರೆ, ಇರಲಿ.

ಇನ್ನು ನಿಮ್ಮದೇ ಬಾಡಿಗೆ ಮನೆ ಇದ್ದರೆ, ಟು-ಲೆಟ್ ಬೋರ್ಡ್ ನೇತುಹಾಕುವ ಮುಂಚೆ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಎಷ್ಟು ಜನ ಇರಬಹುದು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಅದರಲ್ಲಿ ಬರೆದದ್ದಕ್ಕೆ ಯಾರು ಮೊದಲು ಒಪ್ಪುತ್ತಾರೋ ಅವರಿಗೆ ಮನೆ ಕೊಡಿ. ಆ ಹಾಳೆಯನ್ನು ಮಗನ ಕೈಲೋ ಮಗಳ ಕೈಲೋ ಬರೆಸಿ.