ಮಣ್ಣಿನ ಆಕೃತಿ ಕಂಚಾಗಿ ನಿಲ್ಲುವವರೆಗೆ

ಅಮೃತಶಿಲೆಯ ಮನುಷ್ಯನಿಗೆ ಕಾಲ ಪಕ್ಕದಲ್ಲಿ ಒಂದು ಮರದ ಬೊಡ್ಡೆ ಬೇಕು, ಕಂಚಿನವನಿಗೆ ಬೇಡ. ಗ್ರೀಕರ ಕಂಚಿನ ಪ್ರತಿಮೆಗಳನ್ನು ಕಲ್ಲಿನಲ್ಲಿ ನಕಲು ಮಾಡಿದ ರೋಮನ್ ಕಾಲದ ಶಿಲ್ಪಿಗಳು ಆ ಬೊಡ್ಡೆಗಳನ್ನು ಸೇರಿಸಿದ್ದು ಅಂದಕ್ಕಲ್ಲ. ಕಲ್ಲಿನ ಕಣಕಾಲು ಇಡೀ ದೇಹದ ಭಾರ ಹೊರಲಾರದೆಂದು. ಕಂಚು ಎಳೆತ ತಾಳುತ್ತದೆ. ಚಾಚಿದ ತೋಳು, ಒಂಟಿಗಾಲ ನಿಲುವು, ನೆಲ ಬಿಟ್ಟ ಹಿಮ್ಮಡಿ ಎಲ್ಲಕ್ಕೂ ಅದು ಒಪ್ಪುತ್ತದೆ. ಮಣ್ಣಿನ ಆಕೃತಿಗೆ ಒಳಗಿನ ಎಲುಬುಗೂಡಾಗುವ ಮೊದಲ ತಂತಿಯನ್ನು ಬಗ್ಗಿಸುವಾಗಲೇ ಶಿಲ್ಪಿಯ ತಲೆಯಲ್ಲಿ ಈ ಮಾತು ಇರಬೇಕು.

60 ಸೆಂ.ಮೀ. ಎತ್ತರದ ನಿಂತ ಆಕೃತಿಯೊಂದನ್ನು ಇಟ್ಟುಕೊಳ್ಳೋಣ. ದೇಹವನ್ನು ಏಳೂವರೆ ತಲೆ ಎಂದು ಅಳೆದರೆ ತಲೆ 8 ಸೆಂ.ಮೀ. ದಪ್ಪ ಪ್ಲೈವುಡ್ ಹಲಗೆಗೆ 12 ಮಿ.ಮೀ. ಕಬ್ಬಿಣದ ಸರಳನ್ನು ಬಿಗಿದು, ಅದು ಆಕೃತಿಯ ಸೊಂಟದ ಹಿಂದೆ ಬಂದು ಹಿಡಿಯುವಂತೆ ಮಾಡಿ. ಕೈಕಾಲು, ಬೆನ್ನುಮೂಳೆಗೆ 5 ಮಿ.ಮೀ. ಅಲ್ಯೂಮಿನಿಯಂ ತಂತಿಯನ್ನು ಜೋಡಿಯಾಗಿ ಹುರಿಮಾಡಿ ಬಳಸಿ. ಒಂಟಿ ತಂತಿ ಮಣ್ಣಿನ ಭಾರಕ್ಕೆ ದಿನದಿಂದ ದಿನಕ್ಕೆ ತಗ್ಗುತ್ತದೆ, ಮಾಡುವವರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಎದೆ ಮತ್ತು ಕಟಿಯ ಒಳಗೆ ಅಡ್ಡಕಟ್ಟಿದ ಮರದ ಚೂರುಗಳನ್ನು ತೂಗುಬಿಟ್ಟರೆ ಮಣ್ಣು ಜಾರದು. ತಂತಿ ಎಲ್ಲಿಯೂ ಮೇಲ್ಮೈಗೆ ಹತ್ತಿರ ಬರಬಾರದು. ಮಂಡಿ, ಮೊಣಕೈಗಳಲ್ಲಿ ಅದು ಹೊರಗೆ ಇಣುಕಿದರೆ ಮುಂದಿನ ತಿದ್ದುಪಡಿಯೆಲ್ಲ ಅಲ್ಲೇ ನಿಂತುಹೋಗುತ್ತದೆ.

ನಿಲುವಿನಲ್ಲಿ ಅವಸರ ಬೇಡ. ಭಾರ ಒಂದೇ ಕಾಲ ಮೇಲಿದ್ದರೆ ಕತ್ತಿನ ಬುಡದ ಗುಳಿಯಿಂದ ಇಳಿಬಿಟ್ಟ ತೂಗುಗುಂಡು ಆ ಕಾಲಿನ ಒಳಗಣಕಾಲಿನ ಹತ್ತಿರ ಬೀಳಬೇಕು. ಆ ಬದಿಯ ಕಟಿ ಏರುತ್ತದೆ, ಅದೇ ಬದಿಯ ಭುಜ ಇಳಿಯುತ್ತದೆ. ಈ ಎರಡು ಓರೆಗೆರೆಗಳು ತಂತಿಯಲ್ಲೇ ಕಾಣಬೇಕು. ಕಾಣದಿದ್ದರೆ ಮೇಲೆ ಎಷ್ಟು ಸ್ನಾಯು ಮೆತ್ತಿದರೂ ಆಕೃತಿ ನಿಲ್ಲುವುದಿಲ್ಲ, ನಿಲ್ಲಿಸಿದಂತಿರುತ್ತದೆ. ಮಣ್ಣನ್ನು ಸುತ್ತಲಿಂದಲೂ ಏಕಕಾಲಕ್ಕೆ ಬೆಳೆಸಿ. ಮುಖವನ್ನು ಮೊದಲು ಮುಗಿಸಿದವರು ಕತ್ತು ತಪ್ಪಿದೆ ಎಂದು ತಿಳಿದ ಮೇಲೂ ಆ ಮುಖವನ್ನು ಕೀಳಲು ಮನಸ್ಸು ಮಾಡುವುದಿಲ್ಲ.

ಮೇಲ್ಮೈಯ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ: ಚರ್ಮವನ್ನು ನಕಲು ಮಾಡಬೇಡಿ. ಫ್ರೆಂಚ್ ಶಿಲ್ಪಿ ರೋಡಾನ್ 1877ರಲ್ಲಿ ‘ಕಂಚಿನ ಯುಗ’ ಪ್ರದರ್ಶಿಸಿದಾಗ, ಬದುಕಿರುವ ಮೈಯಿಂದಲೇ ಅಚ್ಚು ತೆಗೆದಿದ್ದಾನೆಂಬ ಆರೋಪ ಬಂತು. ಆ ಆರೋಪಕ್ಕೆ ಮತ್ತೆ ಎಡೆಯಿರಬಾರದೆಂದು ಮುಂದೆ ಅವನು ಸ್ನಾನಿಕ ಯೋಹಾನನನ್ನು ಮನುಷ್ಯಗಾತ್ರಕ್ಕಿಂತ ದೊಡ್ಡದಾಗಿ ಮಾಡಿದ. ಬೆಳಕು ಕಂಚಿನ ಮೇಲೆ ಚೂಪಾಗಿ ಹೊಳೆಯುತ್ತದೆ, ಮಣ್ಣಿನ ಮೇಲೆ ಮಂಕಾಗಿ ಹರಡುತ್ತದೆ. ಹಾಗಾಗಿ ಮಣ್ಣಿನಲ್ಲಿ ಮೃದುವಾಗಿ ಕಂಡ ಸಣ್ಣ ಉಬ್ಬುತಗ್ಗು ಲೋಹದಲ್ಲಿ ಗದ್ದಲವಾಗುತ್ತದೆ. ದೊಡ್ಡ ತಳಗಳನ್ನು ನಿರ್ಧಾರದಿಂದ ಕೂಡಿಸಿ, ಬೆರಳಿನ ಗುರುತು ಅರ್ಥವಿರುವಲ್ಲಿ ಮಾತ್ರ ಉಳಿಯಲಿ.

ಮುಂದಿನ ಕ್ರಮ ಹೀಗೆ: ಮಣ್ಣಿನ ಆಕೃತಿಯಿಂದ ಅಚ್ಚು, ಅಚ್ಚಿನೊಳಗೆ ಮೇಣದ ಟೊಳ್ಳು ಪ್ರತಿ, ಆ ಮೇಣದ ಸುತ್ತ ಕವಚ, ಮೇಣ ಕರಗಿ ಹೋದ ಜಾಗಕ್ಕೆ ಕಂಚು. ಅಚ್ಚಿಗೆ ಸಿಲಿಕೋನ್ ರಬ್ಬರ್ 6ರಿಂದ 10 ಮಿ.ಮೀ. ದಪ್ಪ, ಅದರ ಹೊರಗೆ ಪ್ಲಾಸ್ಟರ್ ಕವಚ. ಇಲ್ಲಿ ಒಂದೇ ಎಚ್ಚರಿಕೆ: ಗಂಧಕ ಬೆರೆತ ಎಣ್ಣೆಮಣ್ಣಿನ ಮೇಲೆ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆ) ಗಟ್ಟಿಯಾಗದೆ ಅಂಟಾಗಿಯೇ ಉಳಿಯುತ್ತದೆ. ಗಂಧಕವಿಲ್ಲದ ಮಣ್ಣು ತನ್ನಿ, ಇಲ್ಲವೇ ಟಿನ್ ಸಿಲಿಕೋನ್ ಬಳಸಿ.

ಮೇಣದ ಹಂತವೇ ಎಲ್ಲಕ್ಕಿಂತ ಮುಖ್ಯ. ಅಚ್ಚಿನ ಒಳಮೈಗೆ ಮೊದಲ ಪದರವನ್ನು ಚೆನ್ನಾಗಿ ಬಿಸಿಯಿರುವ ಮೇಣದಿಂದ ಕುಂಚದಲ್ಲಿ ಹಚ್ಚಿ, ವಿವರವೆಲ್ಲ ಅದರಲ್ಲೇ ಮೂಡಬೇಕು. ಮುಂದಿನ ಪದರಗಳ ಮೇಣ ಸ್ವಲ್ಪ ಆರಿರಲಿ, ಇಲ್ಲದಿದ್ದರೆ ಮೊದಲನೆಯದು ಕರಗಿ ಜಾರುತ್ತದೆ. ಒಟ್ಟು ದಪ್ಪ 4–5 ಮಿ.ಮೀ., ಎಲ್ಲೆಡೆ ಒಂದೇ ಸಮ. 3ಕ್ಕಿಂತ ತೆಳುವಾದರೆ ಲೋಹ ತುದಿ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಒಂದು ಕಡೆ ಮಾತ್ರ ದಪ್ಪವಾದರೆ ಆ ಜಾಗ ಕೊನೆಯಲ್ಲಿ ಆರುತ್ತಾ ಕುಗ್ಗಿ, ಒಳಗೆ ಟೊಳ್ಳು, ಹೊರಗೆ ಗುಳಿ ಬೀಳುತ್ತದೆ. ಹೊಸಬರ ಎರಕದಲ್ಲಿ ಕಂಕುಳು ಮತ್ತು ತೊಡೆಸಂದು ಕೆಡುವುದು ಇದರಿಂದಲೇ. ಅಚ್ಚಿನ ಮೂಲೆಗಳಲ್ಲಿ ಮೇಣ ಮಡುಗಟ್ಟಿರುತ್ತದೆ.

ಪ್ರತಿಯೊಂದು ಮೇಣವನ್ನೂ ಶಿಲ್ಪಿಯೇ ಕೈಯಾರೆ ತಿದ್ದಬೇಕು. ಅಚ್ಚಿನ ಹೊಲಿಗೆಗೆರೆ ಕೆರೆದು ತೆಗೆಯುವುದು, ಗುಳ್ಳೆಯ ತೂತು ಮುಚ್ಚುವುದು, ಮಸುಕಾದ ರೆಪ್ಪೆಯಂಚನ್ನು ಮತ್ತೆ ಚುರುಕುಗೊಳಿಸುವುದು ಇಲ್ಲೇ. ಸಹಿ ಮತ್ತು ಪ್ರತಿಸಂಖ್ಯೆಯೂ ಇಲ್ಲೇ. ಫ್ರಾನ್ಸಿನ ನಿಯಮದಲ್ಲಿ 12 ಪ್ರತಿಗಳವರೆಗೆ ಮೂಲಕೃತಿ ಎನಿಸುತ್ತವೆ: ಸಂಖ್ಯೆ ಹಾಕಿದ 8, ಕಲಾವಿದನ ಪ್ರತಿ 4. ಮೊದಲ ಎರಕಕ್ಕೆ ಮುಂಚೆಯೇ ಸಂಖ್ಯೆ ತೀರ್ಮಾನಿಸಿ ಬರೆದಿಡಿ. ಕೊಂಡವರಿಗೆ 8 ಎಂದು ಹೇಳಿ ಆಮೇಲೆ ಒಂಬತ್ತನೆಯದನ್ನು ಹೊಯ್ದ ಶಿಲ್ಪಿಯ ಮಾತಿಗೆ ಮತ್ತೆ ಬೆಲೆ ಬರುವುದಿಲ್ಲ.

ಇನ್ನು ಲೋಹ ಹರಿಯುವ ದಾರಿ. ಮೇಲೆ ಮೇಣದ ಬಟ್ಟಲು, ಅದರಿಂದ ದಪ್ಪ ಭಾಗಗಳಿಗೆ ನಾಳಗಳು, ಗಾಳಿ ಸಿಕ್ಕಿಕೊಳ್ಳುವ ಎತ್ತರದ ತುದಿಗಳಿಂದ ಹೊರಗೆ ತೆಳು ಉಸಿರುನಾಳಗಳು. ನಾಳವನ್ನು ಮುಖಕ್ಕೆ ಅಂಟಿಸಬೇಡಿ. ಕತ್ತರಿಸಿದ ಮೇಲೆ ಅಲ್ಲಿ ಮಾಡುವ ಪ್ರತಿ ದುರಸ್ತಿಯೂ ಕಾಣುತ್ತದೆ. ನಂತರ ಇಡೀ ಮೇಣವನ್ನು ಸಿಲಿಕಾ ದ್ರವದಲ್ಲಿ ಅದ್ದಿ ಮರಳು ಚಿಮುಕಿಸುತ್ತಾ ಸುಮಾರು 8 ಪದರದ ಕವಚ ಕಟ್ಟಬೇಕು, ಮೊದಲ ಎರಡಕ್ಕೆ ನುಣ್ಣನೆಯ ಮರಳು. ಟೊಳ್ಳಿನೊಳಗೂ ದ್ರವ ಹೋಗಿ ಆರಲು ಬೆನ್ನಿನಲ್ಲಿ ಒಂದು ಕಿಟಕಿ ಕೊಯ್ದಿಡಿ. ಆ ತುಂಡನ್ನು ಬೇರೆಯಾಗಿ ಹೊಯ್ದು ಬೆಸೆಯಬಹುದು. ಒಳಗಿನ ಪದರ ಹಸಿಯಾಗಿ ಉಳಿಯುವುದು ಇಡೀ ಕೆಲಸದಲ್ಲಿ ಅತಿ ಅಪಾಯದ ತಪ್ಪು: ಕವಚದಲ್ಲಿ ತೇವ ಉಳಿದರೆ ಕಾದ ಲೋಹ ತಾಗಿದ ಕೂಡಲೇ ಆವಿ ಸಿಡಿಯುತ್ತದೆ.

ಮೇಣ ಕರಗಿಸುವಾಗ ನಿಧಾನವೇ ಶತ್ರು. ಬಿಸಿಗೆ ಮೇಣ ಕವಚಕ್ಕಿಂತ ಹೆಚ್ಚು ಹಿಗ್ಗುತ್ತದೆ, ಮೆಲ್ಲಗೆ ಕಾಯಿಸಿದರೆ ಒಳಗಿನಿಂದಲೇ ಕವಚ ಸೀಳುತ್ತದೆ. ಮೊದಲೇ 850–900 ಡಿಗ್ರಿಗೆ ಕಾದ ಕುಲುಮೆಯಲ್ಲಿ ಬಟ್ಟಲು ಕೆಳಮುಖವಾಗಿ ಇಟ್ಟರೆ ಹೊರಪದರದ ಮೇಣ ಮೊದಲು ಕರಗಿ, ಉಳಿದದ್ದಕ್ಕೆ ಹಿಗ್ಗಲು ಜಾಗವಾಗುತ್ತದೆ.

ಎಷ್ಟು ಕಂಚು ಬೇಕು? ನಾಳ, ಬಟ್ಟಲು ಸೇರಿಸಿ ಮೇಣ ತೂಗಿ, ಹತ್ತರಿಂದ ಗುಣಿಸಿ. ನಮ್ಮ ಆಕೃತಿಯ ಮೇಣ ಒಂದೂವರೆ ಕಿಲೋ ಆದರೆ ಮೂಸೆಯಲ್ಲಿ 15 ಕಿಲೋ, ಮೇಲೊಂದಿಷ್ಟು. ಅರ್ಧಕ್ಕೆ ಲೋಹ ಮುಗಿದರೆ ಮತ್ತೆ ಹೊಯ್ದು ಕೂಡಿಸಲಾಗದು. ಸುಮಾರು ಶೇ 95 ತಾಮ್ರ, ಶೇ 4 ಸಿಲಿಕಾನ್, ಶೇ 1 ಮ್ಯಾಂಗನೀಸ್ ಇರುವ ಕಂಚು ಚೆನ್ನಾಗಿ ಹರಿಯುತ್ತದೆ, ಬೆಸುಗೆಗೂ ಒಗ್ಗುತ್ತದೆ. ಹೊಯ್ಯುವುದು 1,100ರಿಂದ 1,200 ಡಿಗ್ರಿಯ ನಡುವೆ, ಕವಚ ಬಿಸಿಯಿರುವಾಗಲೇ, ಧಾರೆ ಕಡಿಯದಂತೆ. ಅತಿಯಾಗಿ ಕಾದ ಲೋಹ ಅನಿಲ ಹೀರಿ ಸೂಜಿತೂತುಗಳಾಗುತ್ತದೆ. ಕಡಿಮೆ ಕಾದರೆ ಎರಡು ಹರಿವುಗಳು ಸೇರುವಲ್ಲಿ ಸುಕ್ಕಿನಂಥ ಗೆರೆ ಉಳಿಯುತ್ತದೆ.

ಕವಚ ಒಡೆಯುವಾಗ ಸಿಲಿಕಾ ಧೂಳಿಗೆ ತಕ್ಕ ಉಸಿರುಮುಖವಾಡ ಕಡ್ಡಾಯ. ಬೆಸುಗೆಗೆ ಅದೇ ಮಿಶ್ರಲೋಹದ ಸರಳನ್ನೇ ಬಳಸಿ. ಬೇರೆಯದಾದರೆ ಬಣ್ಣ ಬಂದ ದಿನ ಆ ಗೆರೆ ಬೇರೆಯಾಗಿ ಎದ್ದು ಕಾಣುತ್ತದೆ. ಅರದಿಂದ ತಟ್ಟೆಯಂತೆ ಉಜ್ಜಿ ಬಿಡಬೇಡಿ, ಸುತ್ತಲಿನ ಮಣ್ಣಿನ ಗುರುತನ್ನೇ ಉಳಿಯಿಂದ ಮತ್ತೆ ಮೂಡಿಸಿ. ಈ ಕಂಚು ಮಣ್ಣಿನ ಮೂಲಕ್ಕಿಂತ ಶೇ 3ರಷ್ಟು ಚಿಕ್ಕದಾಗಿರುತ್ತದೆ; ನಿಗದಿತ ಅಳತೆಯ ಪೀಠಕ್ಕೆ ಒಪ್ಪಿಕೊಂಡಿದ್ದರೆ ಆ ಲೆಕ್ಕ ಮಣ್ಣಿನಲ್ಲೇ ಸೇರಿರಬೇಕಿತ್ತು.

ಬಣ್ಣಕ್ಕೆ ಲೋಹ ಶುಚಿಯಾಗಿರಬೇಕು, ಬೆರಳಿನ ಜಿಡ್ಡೂ ಕಲೆಯಾಗುತ್ತದೆ. ಗ್ಯಾಸ್ ಉರಿಯಿಂದ ಕಾಯಿಸಿ ನೀರು ಚಿಮುಕಿಸಿ: ಚುರ್ ಎಂದು ಆರಿದರೆ ಹದ, ಹನಿ ಪುಟಿದರೆ ಅತಿ ಬಿಸಿ. ಗಂಧಕದ ದ್ರಾವಣದಿಂದ ಕಂದುಗಪ್ಪು, ಫೆರಿಕ್ ನೈಟ್ರೇಟ್‌ನಿಂದ ಹೊಂಗಂದು ಮತ್ತು ಕೆಂಗಂದು, ಕ್ಯುಪ್ರಿಕ್ ನೈಟ್ರೇಟ್‌ನಿಂದ ಹಸಿರುನೀಲಿ. ತೆಳ್ಳಗೆ ಕಲಸಿ ಹಲವು ಸಲ ಹಚ್ಚಿ. ಒಮ್ಮೆಗೇ ದಪ್ಪ ಹಚ್ಚಿದ್ದು ಪುಡಿಯಾಗಿ ಉದುರುತ್ತದೆ. ನೈಟ್ರೇಟ್ ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು, ಗಾಳಿಯಾಡುವಲ್ಲಿ ಮುಖವಾಡ ಹಾಕಿಯೇ ಮಾಡಿ. ಕಂಚು ಬೆಚ್ಚಗಿರುವಾಗಲೇ ಮೇಣ ಸವರಿ ಬಟ್ಟೆಯಿಂದ ಒರೆಸಿ. ಬಯಲಲ್ಲಿ ನಿಲ್ಲುವ ಪ್ರತಿಮೆಗೆ ವರ್ಷಕ್ಕೊಮ್ಮೆ ತೊಳೆದು ಮತ್ತೆ ಮೇಣ ಹಚ್ಚಬೇಕೆಂಬ ಮಾತನ್ನು ಒಪ್ಪಂದದಲ್ಲೇ ಬರೆಸಿ.